ಒಂದೇ ನೊಣದ ಪಂದ್ಯ

ದಾನ ಮಾಡಬೇಕೆನ್ನುವವನು ಹಣ ಕೊಟ್ಟು ಸುಮ್ಮನಿರಬಾರದೇಕೆ? ಅದಕ್ಕಾಗಿ ಹೊಳೆಗಿಳಿದು ಮೀನಿನ ಬಾಯಿಗೆ ಕೊಕ್ಕೆ ಚುಚ್ಚಬೇಕೇ? ಅಮೆರಿಕದ ವಯೋಮಿಂಗ್ ಸಂಸ್ಥಾನದಲ್ಲಿ 1986ರಲ್ಲಿ ಆರಂಭವಾದ ‘ಒನ್ ಫ್ಲೈ’ ಎಂಬ ಧರ್ಮಾರ್ಥ ಪಂದ್ಯದ ವಿಷಯ ಕೇಳಿದವರಿಗೆ ಮೊದಲು ಹುಟ್ಟುವ ಪ್ರಶ್ನೆ ಇದು. ಪ್ರಶ್ನೆಯೇನೋ ನ್ಯಾಯವಾದುದೇ. ಆದರೆ ಪಂದ್ಯದ ಕಟ್ಟುಪಾಡುಗಳನ್ನು ಅರಿಯದೆ ತೀರ್ಪು ಕೊಡುವುದು ತರವಲ್ಲ.

ಟೀಟನ್ ಪರ್ವತಗಳ ಬುಡದಲ್ಲಿರುವ ಜಾಕ್ಸನ್ ಹೋಲ್ ಎಂಬ ಕಣಿವೆಯಲ್ಲಿ ಸ್ನೇಕ್ ನದಿ ಹರಿಯುತ್ತದೆ. ಅಲ್ಲಿಯ ಮುಖ್ಯ ಮೀನು ಕಟ್‌ಥ್ರೋಟ್ ಟ್ರೌಟ್. ದವಡೆಯ ಕೆಳಗಿನ ಕೆಂಪು ಗೀರಿನಿಂದಾಗಿ ಆ ಪಾಪದ ಪ್ರಾಣಿಗೆ ‘ಕೊಯ್ದ ಕತ್ತು’ ಎಂಬ ಹೆಸರು ಬಂದಿದೆ! ಇದನ್ನು ಹಿಡಿಯಲು ಎರೆಹುಳು ಬೇಡ. ಗರಿ, ರೋಮ, ದಾರಗಳನ್ನು ಕೊಕ್ಕೆಗೆ ಸುತ್ತಿ, ನೀರಿನ ಹುಳುವನ್ನೋ ನೊಣವನ್ನೋ ಹೋಲುವಂತೆ ಕಟ್ಟುತ್ತಾರೆ. ಆ ಕೃತಕ ನೊಣಕ್ಕೆ ತೂಕವೇ ಇಲ್ಲವೆನ್ನಬೇಕು. ಬೀಸಿದಾಗ ಅದನ್ನು ದೂರಕ್ಕೆ ಕೊಂಡೊಯ್ಯುವುದು ದಪ್ಪ ದಾರದ ಭಾರ. ನಮ್ಮ ಕೆರೆಯಂಚಿನ ಗಾಳಗಾರನಿಗಿರುವ ತಾಳ್ಮೆಯೇ ಇಲ್ಲಿಯೂ ಬೇಕು, ಕೈಚಳಕ ಮಾತ್ರ ಬೇರೆ.

ಸ್ಪರ್ಧಿಗೆ ದಿನವೊಂದಕ್ಕೆ ಒಂದೇ ನೊಣ. ನೀರೊಳಗಿನ ಕೊರಡಿಗೆ ಸಿಕ್ಕಿ ಅದು ಕಳೆದುಹೋಯಿತೋ, ಅಂದಿನ ಲೆಕ್ಕ ಅಲ್ಲಿಗೆ ಮುಗಿಯಿತು. ಆಮೇಲೆ ಎಷ್ಟು ಮೀನು ಹಿಡಿದರೂ ಅಂಕವಿಲ್ಲ. ಹಿಡಿದ ಮೀನನ್ನು ಅಳೆದು ಜೀವಂತವಾಗಿ ನೀರಿಗೆ ಬಿಡಬೇಕು. ಪಂದ್ಯದಿಂದ ಕೂಡಿದ ಹಣ ಹೊಳೆ ತೊರೆಗಳ ಜೀರ್ಣೋದ್ಧಾರಕ್ಕೆ ಸಲ್ಲುತ್ತದೆ.

ನನಗೆ ಮೆಚ್ಚುಗೆಯಾದದ್ದು ಹಣಕ್ಕಿಂತ ಮಿಗಿಲಾಗಿ ಆ ಒಂದು ನೊಣದ ನಿಯಮ. ಎಂತಹ ಸಿರಿವಂತನಾದರೂ ಆ ದಿನ ಎರಡನೆಯದನ್ನು ಕೊಳ್ಳಲಾರ. ಆದರೂ ಒಂದು ಮಾತು ಉಳಿಯುತ್ತದೆ. ಈ ನಿಯಮ ಮನುಷ್ಯನ ಆಸೆಗೆ ಕಡಿವಾಣ ಹಾಕುತ್ತದೆಯೇ ಹೊರತು ಮೀನಿನ ಆಯಾಸಕ್ಕಲ್ಲ. ನೀರು ಬೆಚ್ಚಗಾದಂತೆ ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗುತ್ತದೆ. ಸುಮಾರು 20 ಡಿಗ್ರಿ ಸೆಲ್ಸಿಯಸ್ ಮೀರಿದ ನೀರಿನಲ್ಲಿ ಸೆಣಸಿ ದಣಿದ ಟ್ರೌಟ್, ಬಿಟ್ಟ ಮೇಲೂ ಸಾಯಬಹುದು; ಅಳತೆಗೆಂದು ಗಾಳಿಯಲ್ಲಿ ಎತ್ತಿ ಹಿಡಿದಷ್ಟೂ ಅಪಾಯ ಹೆಚ್ಚು. ನೀರು ಬೆಚ್ಚಗಿರುವ ದಿನ ಇಂತಹ ಯಾವ ಪಂದ್ಯವೂ ಜರುಗಕೂಡದು. ದಾನಿಗಳು ಬಂದು ಕಾದಿದ್ದಾರೆಂದು ನದಿ ತಣ್ಣಗಾಗುವುದಿಲ್ಲವಷ್ಟೆ.

ಇದು ದೂರದೇಶದ ಸುದ್ದಿಯೆಂದು ಯಾರಾದರೂ ಆಕಳಿಸಿಯಾರು. ನಮ್ಮ ಕಾವೇರಿಯನ್ನೇ ನೋಡೋಣ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳ ಶಿಬಿರಗಳಲ್ಲಿ ಬಹುಕಾಲ ಮಹಸೀರ್ ಮೀನನ್ನು ಹಿಡಿದು ಬಿಡುವ ಪದ್ಧತಿಯಿತ್ತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರೇ ಅತಿಥಿಗಳಿಗೆ ಮಾರ್ಗದರ್ಶಿಗಳಾದರು. ನೀರಿಗೆ ಸಿಡಿಮದ್ದು ಎಸೆಯುವವರ ಮೇಲೆ ಕಾವಲೂ ಇತ್ತು. ಅಭಯಾರಣ್ಯದೊಳಗೆ ಗಾಳಕ್ಕೆ ಆಸ್ಪದವಿಲ್ಲವೆಂದು 2010ರ ನಂತರದ ವರ್ಷಗಳಲ್ಲಿ ಅದು ನಿಂತಿತು. ಇದರ ಇನ್ನೊಂದು ಮುಖವೂ ಉಂಟು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ, ಮಹಸೀರ್ ಹೆಚ್ಚಲೆಂಬ ಸದುದ್ದೇಶದಿಂದಲೇ, ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಜಾತಿಯ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಆ ಹೊರಗಿನ ಜಾತಿ ಹಬ್ಬಿತು. ಇಲ್ಲಿಯದೇ ಆದ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಸೀರ್ ಕ್ಷೀಣಿಸಿತು. 2018ರಲ್ಲಿ ಅದು ಜಾಗತಿಕ ಕೆಂಪು ಪಟ್ಟಿಯಲ್ಲಿ, ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಸಾಲಿಗೆ ಸೇರಿತು.

ಹೀಗಿರುವಾಗ ಕಾವೇರಿಯಲ್ಲಿಯೂ ಧರ್ಮಾರ್ಥವಾಗಿ ಅಂಕದ ಪಂದ್ಯವೊಂದನ್ನು ಹೂಡೋಣವೆಂದು ಯಾರಾದರೂ ಮುಂದೆ ಬಂದರೆ, ನಾನು ಬೇಡವೆನ್ನುತ್ತೇನೆ. ಸ್ನೇಕ್ ನದಿಯ ಟ್ರೌಟಿಗೆ ಸಲ್ಲುವ ಆಟ ಈ ಗೂನುಬೆನ್ನಿನ ಮೀನಿಗೆ ಸಲ್ಲದು. ಆದರೆ ಗಾಳ ಹೋಯಿತೆಂದು ಕಾವಲೂ ಹೋಗಬೇಕೆ? ಹೊಳೆಯ ಮಡುಗಳನ್ನು ಅಂಗೈಯಂತೆ ಬಲ್ಲ ಆ ಊರುಗಳ ಜನಕ್ಕೆ ಸಂಬಳ ಕೊಟ್ಟು, ರಾತ್ರಿಯ ಹೊತ್ತು ಒಂದು ತೆಪ್ಪ, ಒಂದು ದೀಪ ಒದಗಿಸಲು ಪಂದ್ಯವೇನೂ ಬೇಕಾಗಿಲ್ಲ. ದಾನಕ್ಕೆಂದು ಹಣ ತೆಗೆದಿಟ್ಟವರು ಅದನ್ನು ಈ ಕೆಲಸಕ್ಕೇ ಕೊಡಲಿ.