ಜಿನೀವಾದ ಒಪ್ಪಂದ, ಹಂಪಾಪುರದ ಹೊಗೆಸೊಪ್ಪು

“ಇಂಟರ್‌ನ್ಯಾಷನಲ್ ರಿಲೇಷನ್ಸು ಅಂದ್ರೆ ಏನ್ಲಾ ಮಗಾ? ಅದ್ನ ಓದ್ಬುಟ್ರೆ ಯಾವ್ ಆಫೀಸ್ನಲ್ಲಿ ಕೆಲ್ಸ ಕೊಟ್ಟಾರು?”

ಎಂ.ಎ. ಸೇರುತ್ತೇನೆಂದು ಹೊರಟ ಮಗನಿಗೆ ಹಂಪಾಪುರ ಹೋಬಳಿಯ ಯಾವ ಅಪ್ಪನಾದರೂ ಹಾಕುವ ಪ್ರಶ್ನೆ ಇದು. ತಪ್ಪೇನಿಲ್ಲ. ಬ್ಯಾರನ್ನಿಗೆ ಸೌದೆ ಒಟ್ಟಿ, ಸಾಲ ತೀರಿಸಿ, ಉಳಿದ ಪುಡಿಗಾಸಿನಲ್ಲಿ ಮಗನ ಫೀಸು ಕಟ್ಟುವವನು ಇನ್ನೇನು ಕೇಳಿಯಾನು? ತಮಾಷೆಯೆಂದರೆ ಮಗನ ಹತ್ತಿರವೂ ಉತ್ತರವಿಲ್ಲ. ಸೀಟು ಸಿಕ್ಕಿತೆಂದು ಬಿ.ಎ.ಯಲ್ಲಿ ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತೆಗೆದುಕೊಂಡವನು ಅವನು. ವಿಶ್ವಸಂಸ್ಥೆಯ ಅಂಗಗಳು, ಶೀತಲ ಸಮರದ ಕಾರಣಗಳು, ಪಂಚಶೀಲದ ಐದು ತತ್ವಗಳು — ಎಲ್ಲವೂ ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದ ನೋಟ್ಸು.

ಉತ್ತರ ಇರುವುದು ನೋಟ್ಸಿನಲ್ಲಲ್ಲ, ಅಪ್ಪನ ಹೊಲದಲ್ಲಿ.

ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಸೀಮೆಯಲ್ಲಿ ಬ್ಯಾರನ್ನಿನಲ್ಲಿ ಹದವಾಗುವ ಹೊಗೆಸೊಪ್ಪು ಬಹುಪಾಲು ಹಡಗು ಹತ್ತುವ ಮಾಲು. ಬ್ರೆಜಿಲ್‌ನಲ್ಲೋ ಜಿಂಬಾಬ್ವೆಯಲ್ಲೋ ಬೆಳೆ ಹೆಚ್ಚಾದರೆ ಕಂಪಲಾಪುರದ ಹರಾಜು ಕಟ್ಟೆಯಲ್ಲಿ ದರ ಕುಗ್ಗುತ್ತದೆ. ಅಲ್ಲಿ ಮಳೆ ಕೈಕೊಟ್ಟರೆ ಇಲ್ಲಿನ ಬೇಲಿಗೆ ಬೆಲೆ ಬರುತ್ತದೆ. ಎಷ್ಟು ಬೆಳೆಯಬೇಕೆಂದು ವರ್ಷ ವರ್ಷ ಗೊತ್ತುಮಾಡುವ ತಂಬಾಕು ಮಂಡಳಿ, ಪರದೇಶದ ಬೇಡಿಕೆ ನೋಡಿಯೇ ಲೆಕ್ಕ ಹಾಕುತ್ತದೆ.

ಅಷ್ಟೇ ಅಲ್ಲ. 2003ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು ತಂಬಾಕು ನಿಯಂತ್ರಣದ ಒಪ್ಪಂದವೊಂದನ್ನು ಅಂಗೀಕರಿಸಿದವು. ಭಾರತ 2004ರ ಫೆಬ್ರವರಿಯಲ್ಲೇ ಅದಕ್ಕೆ ಬದ್ಧವಾಯಿತು. 2005ರಿಂದ ಅದು ಜಾರಿಯಲ್ಲಿದೆ. ಹೊಗೆಸೊಪ್ಪು ಆರೋಗ್ಯಕ್ಕೆ ಹಾಳು, ಒಪ್ಪಂದ ಬೇಕಾಗಿತ್ತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಒಪ್ಪಂದದ 17ನೇ ವಿಧಿ, ಬೆಳೆಗಾರರಿಗೂ ಕೂಲಿಕಾರರಿಗೂ ಹೊಟ್ಟೆ ತುಂಬುವ ಬದಲಿ ದಾರಿ ಒದಗಿಸಲು ಸರ್ಕಾರಗಳು ಉತ್ತೇಜನ ಕೊಡಬೇಕೆನ್ನುತ್ತದೆ. ಈ ಮಾತು ಚಿಲ್ಕುಂದದ ರೈತನಿಗೆ ಗೊತ್ತೆ? 5.3ನೇ ವಿಧಿ ತಂಬಾಕು ಉದ್ಯಮದ ಹಿತಾಸಕ್ತಿಯನ್ನು ಸರ್ಕಾರದ ಆರೋಗ್ಯ ನೀತಿಯಿಂದ ದೂರ ಇಡಬೇಕೆನ್ನುತ್ತದೆ. ಸರಿ, ಒಂದೆರಡು ಎಕರೆ ಸೊಪ್ಪು ಹಾಕಿದವನು ಉದ್ಯಮಿಯೋ, ರೈತನೋ? ಒಪ್ಪಂದದ ಏಳನೆಯ ಸಮ್ಮೇಳನ 2016ರ ನವೆಂಬರ್‌ನಲ್ಲಿ ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲೇ ನಡೆಯಿತು. ಅಲ್ಲಿ ಏನು ಮಾತಾಯಿತೆಂದು ಓದಿ, ಈ ತಾಲ್ಲೂಕುಗಳ ಜನಕ್ಕೆ ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ ಯಾರದು? ಕಂಪನಿಗಳಿಗೆ ವಕೀಲರಿದ್ದಾರೆ. ಸರ್ಕಾರಕ್ಕೆ ಅಧಿಕಾರಿಗಳಿದ್ದಾರೆ. ರೈತನಿಗೆ ಮಾತ್ರ ಯಾರೂ ಇಲ್ಲ. ಇರಬೇಕಾದವನು ನೋಟ್ಸು ಉರು ಹೊಡೆಯುತ್ತಿದ್ದಾನೆ.

ಪಂಚಶೀಲದ್ದೂ ಇದೇ ಕಥೆ. ಐದು ತತ್ವಗಳನ್ನು ಗಿಳಿಪಾಠ ಒಪ್ಪಿಸುವ ಹುಡುಗನನ್ನು, ಅವು ಎಲ್ಲಿ ಬರೆದಿವೆ ಎಂದು ಕೇಳಿ ನೋಡಿ. 1954ರ ಏಪ್ರಿಲ್‌ನಲ್ಲಿ ಭಾರತ–ಚೀನಾ ಮಾಡಿಕೊಂಡ ಒಪ್ಪಂದದ ಪೀಠಿಕೆಯಲ್ಲಿ. ಒಪ್ಪಂದ ಯಾವುದರ ಬಗ್ಗೆ? ಟಿಬೆಟ್ಟಿನೊಡನೆ ವ್ಯಾಪಾರ, ಓಡಾಟದ ಬಗ್ಗೆ. ಐದೇ ವರ್ಷಕ್ಕೆ ದಲೈ ಲಾಮಾ ಭಾರತಕ್ಕೆ ಓಡಿಬರಬೇಕಾಯಿತು. 1960ರಲ್ಲಿ ಆಗಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ನಿರಾಶ್ರಿತರಿಗೆ ನೆಲೆ ಕೊಟ್ಟಿತು. ಆಮೇಲೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಶಿಬಿರವಾಯಿತು. ಪುಸ್ತಕದ ಪಾಠ ಸ್ವೆಟರ್ ಮಾರುತ್ತಾ, ಜೋಳ ಬಿತ್ತುತ್ತಾ ಪಕ್ಕದಲ್ಲೇ ಬಾಳುತ್ತಿದೆ. ನಿರಾಶ್ರಿತನ ಹಕ್ಕೇನು, ಆಶ್ರಯ ಕೊಟ್ಟ ಊರಿನವರಿಗೆ ಆದ ಲಾಭ ನಷ್ಟವೇನು? ಬೈಲುಕುಪ್ಪೆಗೆ ಟೂರ್ ಹೋಗಿ ಚಿನ್ನದ ದೇವಸ್ಥಾನದ ಮುಂದೆ ಫೋಟೋ ಹೊಡೆಸಿಕೊಂಡು ಬಂದರೆ ಇದು ತಿಳಿಯುತ್ತದೆಯೆ?

ಮೈಸೂರು ವಿಶ್ವವಿದ್ಯಾನಿಲಯಕ್ಕೆ ಈ ವಿದ್ಯೆ ಹೊಸದಲ್ಲ. ಚೀನಾದಲ್ಲಿ ಭಾರತದ ರಾಯಭಾರಿಯಾಗಿದ್ದ ಸರ್ದಾರ್ ಕೆ.ಎಂ. ಪಣಿಕ್ಕರ್ 1963ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಇಲ್ಲಿನ ವೈಸ್ ಛಾನ್ಸಲರ್. ಅಮೆರಿಕದ ಸೇನೆ 38ನೇ ಅಕ್ಷಾಂಶ ದಾಟಿದರೆ ಚೀನಾ ಯುದ್ಧಕ್ಕಿಳಿಯುತ್ತದೆಂಬ ಚೌ ಎನ್‌ಲಾಯ್ ಎಚ್ಚರಿಕೆ 1950ರಲ್ಲಿ ಹೊರಜಗತ್ತಿಗೆ ಮುಟ್ಟಿದ್ದು ಇದೇ ಪಣಿಕ್ಕರ್ ಕೈಯಿಂದ. ಮಹಾರಾಜ ಕಾಲೇಜಿನಲ್ಲಿ ಓದಿದ ಸೋಮನಹಳ್ಳಿಯ ಎಸ್.ಎಂ. ಕೃಷ್ಣ 2009ರಿಂದ 2012ರವರೆಗೆ ದೇಶದ ವಿದೇಶಾಂಗ ಸಚಿವರಾಗಿದ್ದರು. ಪರಂಪರೆಗೆ ಕೊರತೆಯಿಲ್ಲ.

ಇನ್ನು ಕೆಲಸದ ಮಾತು. ಅಪ್ಪನಿಗೆ ಸುಳ್ಳು ಹೇಳುವುದು ಬೇಡ. ಈ ಪದವಿ ಕೈಗೆ ಬಂದ ಮಾತ್ರಕ್ಕೆ ಯಾವ ಆಫೀಸೂ ಕರೆದು ಕುರ್ಚಿ ಕೊಡುವುದಿಲ್ಲ. ವಿದೇಶಾಂಗ ಸೇವೆಗೆ ಸಿವಿಲ್ ಸರ್ವಿಸ್ ಪರೀಕ್ಷೆಯೇ ಬಾಗಿಲು. ಒಳಗೆ ಹೋಗುವವರು ಬೆರಳೆಣಿಕೆ. ಆದರೂ ಆ ಪರೀಕ್ಷೆಯಲ್ಲಿ ‘ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು’ ಒಂದು ಐಚ್ಛಿಕ ವಿಷಯ, 250 ಅಂಕದ ಎರಡು ಪತ್ರಿಕೆ, ಕನ್ನಡದಲ್ಲೂ ಬರೆಯಬಹುದು. ಬರೆಯುವುದಕ್ಕೆ ಬೇಕಾದ ಕನ್ನಡ ಪುಸ್ತಕ ಮಾತ್ರ ಸಾಲದು. ಗೈಡು ಬೇಕಾದಷ್ಟಿವೆ.

ಮಾನಸಗಂಗೋತ್ರಿಯ ದೊಡ್ಡವರು ಮನಸ್ಸು ಮಾಡಿದರೆ ಮಾಡಬಹುದಾದ್ದು ಬಹಳ ಖರ್ಚಿನದೇನಲ್ಲ. ಹರಾಜು ನಡೆಯುವಾಗ ವಿದ್ಯಾರ್ಥಿಗಳನ್ನು ಒಂದು ದಿನ ಕಟ್ಟೆಗೆ ಕರೆತರಲಿ. ಜಿನೀವಾದ ಒಪ್ಪಂದವನ್ನು ಕನ್ನಡಕ್ಕೆ ಮಾಡಿಸುವುದನ್ನೇ ಒಬ್ಬನಿಗೆ ಪ್ರಬಂಧವಾಗಿ ಕೊಡಲಿ. ತಾಲ್ಲೂಕಿನ ಕಾಲೇಜುಗಳಲ್ಲಿ ಅದನ್ನು ಓದಿಸಲಿ, ರೈತರನ್ನೂ ಕೂರಿಸಲಿ. ಪ್ರಶ್ನೆಪತ್ರಿಕೆಯಲ್ಲಿ ಪಂಚಶೀಲದ ಪಕ್ಕ ಬೈಲುಕುಪ್ಪೆಯೂ ಇರಲಿ.

ಆಗ ಮಗ ಜಗಲಿಯ ಮೇಲೆ ಕೂತು ಹೇಳಿಯಾನು: “ಅಪ್ಪಾ, ಈ ಸಲ ಸೊಪ್ಪಿನ ರೇಟು ಯಾಕ್ ಬಿತ್ತು ಗೊತ್ತಾ? ಕೂತ್ಕೋ, ಹೇಳ್ತೀನಿ.” ಯಾವ ಆಫೀಸಿನ ಕೆಲಸ ಎಂದು ಅಪ್ಪ ಆಮೇಲೆ ಕೇಳಿದರೂ, ಓದು ದಂಡ ಎನ್ನಲಾರ.