ನಮ್ಮ ಕೈತೋಟ: ಬೀಜವಿಲ್ಲದ ವಂಶ

ನಮ್ಮ ಬೀದಿಯ ಮೂಲೆಯ ಹಳೆಯ ಮನೆಯನ್ನು ಕೆಡವುವುದು ನಿಶ್ಚಯವಾದಾಗ, ಗೇಟಿನ ಕಮಾನಿಗೆ ಹಬ್ಬಿದ್ದ ಕಡುಗೆಂಪು ಕಾಗದದ ಹೂವಿನ ಗಿಡಕ್ಕೂ ಕೊಡಲಿ ಕಾದಿತ್ತು. "ನಮ್ಮ ಯಜಮಾನರು ನೆಟ್ಟ ಗಿಡ. ಬೀಜವನ್ನಾದರೂ ಆರಿಸಿಟ್ಟುಕೊಳ್ಳೋಣವೆಂದರೆ ಒಂದೂ ಸಿಕ್ಕಲಿಲ್ಲ" ಎಂದು ಆ ಮನೆಯ ಅಜ್ಜಿ ಕಣ್ಣೊರಸಿಕೊಂಡರು. ಸಿಕ್ಕುವುದಾದರೂ ಹೇಗೆ? ಅದು ಸಂಕರದ ಗಿಡ.

ಬೊಗನ್‌ವಿಲ್ಲದ ತವರು ದಕ್ಷಿಣ ಅಮೆರಿಕ. ನಾವು ಹೂವೆನ್ನುವುದು ಬಣ್ಣ ತಳೆದ ಎಲೆ. ನಿಜವಾದ ಹೂ ಅದರ ನಡುವಿನ ಸಣ್ಣ ಕೊಳವೆ. ಸುಮಾರು 1910ರಲ್ಲಿ ಶ್ರೀಮತಿ ಬಟ್ ಎಂಬಾಕೆ ಕೊಲಂಬಿಯದ ಕಾರ್ಟಹೇನ ಪಟ್ಟಣದಿಂದ ಒಂದು ಕೆಂಪು ಗಿಡವನ್ನು ಟ್ರಿನಿಡಾಡ್ ದ್ವೀಪಕ್ಕೆ ತಂದರು. 1944ರಲ್ಲಿ ಹೋಲ್ಟಮ್ ಮತ್ತು ಸ್ಟ್ಯಾಂಡ್ಲಿ ಎಂಬ ಸಸ್ಯಶಾಸ್ತ್ರಜ್ಞರು ಆಕೆಯ ನೆನಪಿಗಾಗಿ ಅದಕ್ಕೆ 'ಬಟಿಯಾನ' ಎಂದು ನಾಮಕರಣ ಮಾಡಿದರು.

ಇದನ್ನು ಹೆತ್ತ ಜಾತಿಗಳು ಎರಡು. ಬ್ರೆಜಿಲ್ ಕಡೆಯ 'ಗ್ಲಾಬ್ರ'ದ ಎಲೆ ನಯವಾಗಿ ಹೊಳೆಯುತ್ತದೆ. ಅದರ ಬಣ್ಣದ ಪತ್ರಗಳು ನೇರಳೆ, ತುದಿ ಚೂಪು. ಪೆರು ಕಡೆಯ 'ಪೆರುವಿಯಾನ'ದ ಎಲೆ ತೆಳು. ಪತ್ರಗಳು ಗುಲಾಬಿ, ತುಸು ಸುಕ್ಕುಸುಕ್ಕು. ಮಗುವಿನ ಎಲೆಯಾದರೋ ದೊಡ್ಡದು, ಅಗಲವಾದುದು. ಪತ್ರಗಳು ದುಂಡಗೆ, ದಟ್ಟ ಗೊಂಚಲಾಗಿ ಬರುತ್ತವೆ. ಆ ಕಡುಗೆಂಪು ಹೆತ್ತವರಿಬ್ಬರಲ್ಲಿಯೂ ಇಲ್ಲ.

ಆದರೆ ಈ ಚೆಲುವಿಗೆ ತೆತ್ತ ಬೆಲೆಯೂ ಉಂಟು. ಎರಡು ಜಾತಿಗಳು ಬೆರೆತಲ್ಲಿ ವರ್ಣತಂತುಗಳು ಅನೇಕ ವೇಳೆ ಸರಿಯಾಗಿ ಜೊತೆಗೂಡವು, ಪರಾಗ ನಿಸ್ಸತ್ವವಾಗುತ್ತದೆ. ಆದುದರಿಂದ 'ಮಿಸೆಸ್ ಬಟ್' ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಮನುಷ್ಯನ ಕೈ ಕಡ್ಡಿ ಕತ್ತರಿಸಿ ನೆಟ್ಟುದರಿಂದಲೇ ಅದು ಕಡಲು ದಾಟಿ ನಮ್ಮ ಗೇಟಿನವರೆಗೆ ಬಂದಿತು.

ನೀವೂ ಹಾಗೆಯೇ ಮಾಡಿರಿ. ಪೆನ್ಸಿಲ್ ಗಾತ್ರದ ಬಲಿತ ರೆಂಬೆಯನ್ನು ಗೇಣುದ್ದ ಕತ್ತರಿಸಿ, ಎಲೆ ತೆಗೆದು, ಎರಡು ಗಿಣ್ಣು ಮುಚ್ಚುವಂತೆ ಮರಳು ಬೆರೆಸಿದ ಮಣ್ಣಿನಲ್ಲಿ ನೆರಳಿನಲ್ಲಿಡಿರಿ. ಮಣ್ಣು ತೇವವಾಗಿರಲಿ, ನೀರು ನಿಲ್ಲದಿರಲಿ. ಎಲ್ಲವೂ ಬೇರೂರುವುದಿಲ್ಲ, ನಾಲ್ಕಾರು ನೆಡುವುದು ಜಾಣತನ. ಚಿಗುರು ಕಂಡೊಡನೆ ಕಿತ್ತು ನೋಡುವ ಆತುರ ಬೇಡ. ಬೆಳೆದ ಮೇಲೆ ಬಿಸಿಲು ಹೆಚ್ಚಾಗಿಯೂ ನೀರು ಮಿತವಾಗಿಯೂ ಇದ್ದರೆ ಹೂ ಚೆನ್ನಾಗಿ ಬಿಡುತ್ತದೆ.

ಅಜ್ಜಿಗಾಗಿ ಆರು ಕಡ್ಡಿ ನೆಟ್ಟೆ, ಎರಡು ಚಿಗುರಿದವು. ಅವರ ಮಗನ ಮನೆಯ ಬಾಲ್ಕನಿಗೆ ಕುಂಡವನ್ನು ಒಯ್ದು ಕೊಟ್ಟಾಗ, "ಇದು ಆ ಗಿಡದ ಮರಿಯೇ?" ಎಂದು ಕೇಳಿದರು.

"ಮರಿಯಲ್ಲ, ಅಜ್ಜಿ. ಅದೇ ಗಿಡ" ಎಂದೆ.