ಲೇಪನದ ದರವೋ, ಬಾಳಿಕೆಯ ದರವೋ?

ಮೂಡಿಗೆರೆ ಪರಿಸರದಲ್ಲಿ ತಗಡಿನ ಕೆಲಸ ಮಾಡುವ ನಮ್ಮ ಸಣ್ಣ ಉದ್ದಿಮೆದಾರರು ಪಲ್ಪರ್‌ನ ಹಾಪರನ್ನಾಗಲಿ, ಪಂಪ್‌ಸೆಟ್ಟಿನ ಪ್ಯಾನಲ್ ಪೆಟ್ಟಿಗೆಯನ್ನಾಗಲಿ ಸಿದ್ಧಪಡಿಸುವಾಗ ತಗಡು, ಕೂಲಿ, ವೆಲ್ಡಿಂಗ್ ವೆಚ್ಚಗಳನ್ನು ಪೈಸೆ ಬಿಡದೆ ಲೆಕ್ಕ ಹಾಕುತ್ತಾರೆ. ಲೇಪನವನ್ನು ಮಾತ್ರ ಅಗ್ಗವೆಂಬ ಒಂದೇ ಕಾರಣಕ್ಕೆ ಆರಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ ಸುರಿಯುವ ಮಲೆನಾಡಿನಲ್ಲಿ ಇದು ನಷ್ಟದ ವ್ಯಾಪಾರ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. 400 ರೂಪಾಯಿಯ ಬಣ್ಣ ಎರಡು ವರ್ಷ, 900 ರೂಪಾಯಿಯ ಸತುವಿನ ಲೇಪನ ಒಂಬತ್ತು ವರ್ಷ ಬಾಳಿದರೆ, ಮೊದಲನೆಯದರ ವಾರ್ಷಿಕ ವೆಚ್ಚ 200 ರೂಪಾಯಿ, ಎರಡನೆಯದರದು 100. ದುಬಾರಿ ಯಾವುದು?

ಹಾಗೆಂದು ದುಬಾರಿ ಲೇಪನವೇ ಎಲ್ಲೆಡೆಯೂ ಸರಿಯೆಂದಲ್ಲ. ಸತುವಿನ ಎಲೆಕ್ಟ್ರೋಪ್ಲೇಟಿಂಗ್ ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್ ಮಾತ್ರ. ಅದು ಒಳಾಂಗಣದ ಬಿಡಿಭಾಗಗಳಿಗೆ ಸಾಕು, ಮಳೆಗೆ ಸಾಲದು. ಸುಮಾರು 60ರಿಂದ 80 ಮೈಕ್ರಾನ್ ದಪ್ಪದ ಪೌಡರ್ ಕೋಟಿಂಗ್ ನೋಟಕ್ಕೆ ಅಂದ. ಆದರೆ ಅದಕ್ಕೆ ಮೊದಲು ಜಿಡ್ಡು ತೆಗೆದು ಫಾಸ್ಫೇಟಿಂಗ್ ಮಾಡದಿದ್ದರೆ ಗೀರು ಬಿದ್ದೆಡೆಯಿಂದ ತುಕ್ಕು ಒಳಗೊಳಗೇ ಹರಡುತ್ತದೆ. ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಮಳೆಗೆ ಉತ್ತಮ. ಗೀರು ಬಿದ್ದಲ್ಲಿಯೂ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಆದರೆ ಸುಮಾರು 450 ಡಿಗ್ರಿ ಸೆಲ್ಸಿಯಸ್ ಶಾಖದ ಸತುವಿನಲ್ಲಿ ಅದ್ದಿದಾಗ ತೆಳು ತಗಡು ಸೊಟ್ಟಗಾಗಬಹುದು. ಕಾಫಿ ಹಣ್ಣಿನ ಸಿಪ್ಪೆ, ಲೋಳೆ ಹುಳಿತ ನೀರು ಆಮ್ಲೀಯ. ಅದು ಸತುವನ್ನೂ ಕರಗಿಸುತ್ತದೆ. ಅಂತಹ ನೀರು ನಿಲ್ಲುವ ಭಾಗಗಳಿಗೆ ಸ್ಟೇನ್‌ಲೆಸ್ ಸ್ಟೀಲೇ ಲೇಸು.

ಆದ್ದರಿಂದ ಯಂತ್ರಕ್ಕೊಂದೇ ಲೇಪನವೆನ್ನದೆ, ಪ್ರತಿ ಭಾಗವೂ ಎದುರಿಸುವ ನೀರು, ಗಾಳಿ, ಉಜ್ಜಾಟಗಳನ್ನು ನೋಡಿ ನಿರ್ಧರಿಸುವುದು ವಿವೇಕ.

ಗಿರಾಕಿ ಕಡಿಮೆ ಬೆಲೆಯನ್ನೇ ಕೇಳುತ್ತಾನೆಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕೆ ಉತ್ತರ ಎರಡು ಕೊಟೇಶನ್: ಒಂದು ಅಗ್ಗದ್ದು, ಇನ್ನೊಂದು ಬಾಳಿಕೆಯದು, ಎರಡರಲ್ಲಿಯೂ ವಾರ್ಷಿಕ ವೆಚ್ಚ ನಮೂದಾಗಿರಲಿ. ತೋಟದ ಯಜಮಾನರಿಗೆ ಲೆಕ್ಕ ತಿಳಿಯದೆ ಇಲ್ಲ.

ಲೇಪನವನ್ನು ಹೊರಗೆ ಮಾಡಿಸುವವರು ಖರೀದಿ ಆದೇಶದಲ್ಲಿ ‘ಚೆನ್ನಾಗಿರಬೇಕು’ ಎಂದು ಬರೆಯದೆ ಮೈಕ್ರಾನ್ ದಪ್ಪವನ್ನೂ ಪೂರ್ವಸಂಸ್ಕರಣೆಯನ್ನೂ ನಮೂದಿಸಬೇಕು. ಮಾಲು ಬಂದಾಗ ಅಳೆಯಬೇಕು. ಜಿಎಸ್‌ಟಿ ನೋಂದಾಯಿತರು ಜಾಬ್ ವರ್ಕ್ ಚಲನ್‌ಗಳನ್ನು ಜೋಪಾನವಾಗಿಡಲಿ. ಕೇಂದ್ರ ಜಿಎಸ್‌ಟಿ ಕಾಯ್ದೆಯ 143ನೇ ಕಲಮಿನ ಪ್ರಕಾರ ತೆರಿಗೆಯಿಲ್ಲದೆ ಕಳುಹಿಸಿದ ಇಂತಹ ಮಾಲು ಸಾಮಾನ್ಯವಾಗಿ ಒಂದು ವರ್ಷದೊಳಗೆ ಹಿಂದಿರುಗಬೇಕು, ಇಲ್ಲವೇ ಅಲ್ಲಿಂದಲೇ ಪೂರೈಕೆಯಾಗಬೇಕು.

ವಾಪಸು ಬಂದ ಮಾಲಿನ ಸಾಗಣೆ, ಮರುಲೇಪನ, ಕೈತಪ್ಪಿದ ಗಿರಾಕಿ, ಇವೆಲ್ಲವೂ ಅಗ್ಗದ ಲೇಪನದ ನಿಜವಾದ ಬೆಲೆಯೇ. ಮುಂದಿನ ಮಳೆಗಾಲಕ್ಕೆ ಮುನ್ನ ಪ್ರತಿಯೊಬ್ಬರೂ ಈ ಖರ್ಚಿಗೆ ಪುಸ್ತಕದಲ್ಲಿ ಪ್ರತ್ಯೇಕ ಖಾತೆ ತೆರೆಯಲಿ. ಆಯ್ಕೆ ತಾನಾಗಿ ಬದಲಾದೀತು.